ಸಂಯಮವೆಂಬ ಷರತ್ತು

ವಯಸ್ಸಾದ ಗಂಡಸರ ಸಲಿಂಗ ಪ್ರೇಮದ ಬಗ್ಗೆ ಭಾರತೀಯ ಸಿನಿಮಾ ಹೇಳಿರುವುದು ಕಡಿಮೆ. ಹೇಳಿರುವುದರಲ್ಲಿ ಹೆಚ್ಚು ಚರ್ಚೆಯಾದ ಚಿತ್ರಗಳು ಎರಡು. ಹನ್ಸಲ್ ಮೆಹ್ತಾ ನಿರ್ದೇಶಿಸಿದ ಹಿಂದಿ ಚಿತ್ರ ‘ಅಲೀಗಢ’ 2015ರಲ್ಲಿ ಬುಸಾನ್ ಚಿತ್ರೋತ್ಸವದಲ್ಲಿ ಮೊದಲ ಪ್ರದರ್ಶನ ಕಂಡು, 2016ರ ಫೆಬ್ರವರಿಯಲ್ಲಿ ಚಿತ್ರಮಂದಿರಗಳಿಗೆ ಬಂತು. ಜಿಯೋ ಬೇಬಿಯವರ ಮಲಯಾಳಂ ಚಿತ್ರ ‘ಕಾದಲ್: ದಿ ಕೋರ್’ 2023ರ ನವೆಂಬರ್‌ನಲ್ಲಿ ತೆರೆಕಂಡಿತು. ಎರಡಕ್ಕೂ ಸಿಕ್ಕ ಮೆಚ್ಚುಗೆಯ ಧಾಟಿ ಒಂದೇ: ವಿಷಯ ನಾಜೂಕಿನದಾದರೂ ನಿರ್ದೇಶಕರು ಎಲ್ಲೂ ಎಲ್ಲೆ ಮೀರಿಲ್ಲ, ಅಶ್ಲೀಲಕ್ಕೆ ಜಾರಿಲ್ಲ, ಸಂಯಮದಿಂದ ಕಥೆ ಹೇಳಿ ಪಾತ್ರಗಳ ಘನತೆ ಕಾಪಾಡಿದ್ದಾರೆ. ಪತ್ರಿಕೆಗಳ ವಿಮರ್ಶೆ, ಚಿತ್ರೋತ್ಸವದ ಮೊಗಸಾಲೆ, ಮನೆಮಂದಿಯೆಲ್ಲ ಕೂತು ಸಿನಿಮಾ ನೋಡುವ ಪಡಸಾಲೆ, ಎಲ್ಲೆಡೆ ಇದೇ ಮಾತು. ಇದನ್ನು ಆಡುವವರು ಸಲಿಂಗಿಗಳನ್ನು ದ್ವೇಷಿಸುವವರಲ್ಲ. ಬಹುಪಾಲು ಅವರ ಪರ ನಿಲ್ಲುವವರೇ. ಹಾಗಾಗಿಯೇ ಈ ಅಭಿಪ್ರಾಯ ಯಾರ ಪ್ರಶ್ನೆಗೂ ಒಳಗಾಗದೆ ಬೇರೂರಿದೆ. ಆದರೆ ಅದು ತಪ್ಪು ಅಭಿಪ್ರಾಯ. ಅದು ಘನತೆ ಎಂದು ಕರೆಯುತ್ತಿರುವುದು, ಮುದಿ ಪ್ರೇಮಿಗಳಿಗೆ ಪರದೆಯ ಮೇಲೆ ಜಾಗ ಕೊಡಲು ಸಮಾಜ ಹಾಕಿದ ಷರತ್ತನ್ನು.

‘ಅಲೀಗಢ’ ಚಿತ್ರದ ಹಿಂದಿರುವುದು ನಿಜವಾಗಿ ಬದುಕಿದ ಒಬ್ಬ ಮನುಷ್ಯನ ಕಥೆ. ರಾಮಚಂದ್ರ ಸಿರಸ್ ಅಲೀಗಢ ಮುಸ್ಲಿಂ ವಿಶ್ವವಿದ್ಯಾಲಯದಲ್ಲಿ ಮರಾಠಿ ಪ್ರಾಧ್ಯಾಪಕರು, ಆಧುನಿಕ ಭಾರತೀಯ ಭಾಷೆಗಳ ವಿಭಾಗದ ಮುಖ್ಯಸ್ಥರು, ಕವಿ. 2002ರಲ್ಲಿ ಅವರ ‘ಪಾಯಾಖಾಲಚೀ ಹಿರವಳ’ ಸಂಕಲನಕ್ಕೆ ಮಹಾರಾಷ್ಟ್ರ ಸಾಹಿತ್ಯ ಪರಿಷತ್ತಿನ ಪುರಸ್ಕಾರ ಸಿಕ್ಕಿತ್ತು. 1906ರಲ್ಲಿ ಸ್ಥಾಪನೆಯಾದ, ಪುಣೆಯ ತಿಲಕ್ ರಸ್ತೆಯಲ್ಲಿರುವ ಈ ಸಂಸ್ಥೆ ಮರಾಠಿ ಸಾಹಿತ್ಯದ ಹಿರಿಯ ಮನೆ. ಅದರ ಮನ್ನಣೆ ಪಡೆದ ಕವಿಯನ್ನು ದೇಶ ಗುರುತಿಸಿದ್ದು ಮಾತ್ರ ಕವಿತೆಯಿಂದಲ್ಲ. 2010ರ ಫೆಬ್ರವರಿಯ ಒಂದು ರಾತ್ರಿ ಕ್ಯಾಮೆರಾ ಹಿಡಿದವರು ಅವರ ಮನೆಗೆ ನುಗ್ಗಿ, ಒಬ್ಬ ರಿಕ್ಷಾ ಎಳೆಯುವವನ ಜೊತೆ ಅವರು ಇದ್ದುದನ್ನು ಚಿತ್ರೀಕರಿಸಿದರು. ವಿಶ್ವವಿದ್ಯಾಲಯ ನುಗ್ಗಿದವರನ್ನು ಬಿಟ್ಟು ಸಿರಸ್ ಅವರನ್ನು ಅಮಾನತು ಮಾಡಿತು, ವಸತಿ ಖಾಲಿ ಮಾಡಲು ಹೇಳಿತು. ದೆಹಲಿ ಹೈಕೋರ್ಟಿನ 2009ರ ತೀರ್ಪಿನಿಂದಾಗಿ ವಯಸ್ಕರ ನಡುವಿನ ಸಮ್ಮತಿಯ ಖಾಸಗಿ ಸಂಬಂಧ ಆಗ ಅಪರಾಧವಾಗಿರಲಿಲ್ಲ. ಏಪ್ರಿಲ್ ಮೊದಲಲ್ಲಿ ಅಲಹಾಬಾದ್ ಹೈಕೋರ್ಟ್ ಅಮಾನತಿಗೆ ತಡೆ ಕೊಟ್ಟಿತು. ವಾರ ಕಳೆಯುವುದರೊಳಗೆ, ಏಪ್ರಿಲ್ 7ರಂದು, ಬಾಡಿಗೆ ಮನೆಯಲ್ಲಿ ಸಿರಸ್ ಶವವಾಗಿ ಸಿಕ್ಕರು.

ಈ ಕಥೆಯನ್ನು ಅಪೂರ್ವ ಅಸರಾನಿ ಚಿತ್ರಕಥೆಯಾಗಿಸಿದರು. ಮನೋಜ್ ಬಾಜಪೇಯಿ ಸಿರಸ್ ಆದರು. ಚಿತ್ರದಲ್ಲಿ ಎಲ್ಲರೂ ನೆನೆಯುವ ದೃಶ್ಯ ಒಂದಿದೆ. ಸಿರಸ್ ಒಬ್ಬರೇ ಕೂತಿದ್ದಾರೆ. ಕೈಯಲ್ಲಿ ವಿಸ್ಕಿ ಗ್ಲಾಸು, ಮಂಕು ಬೆಳಕು, 1962ರ ‘ಅನ್‌ಪಢ್’ ಚಿತ್ರಕ್ಕೆ ಮದನ್ ಮೋಹನ್ ಸಂಯೋಜಿಸಿದ ಲತಾ ಮಂಗೇಶ್ಕರ್ ಹಾಡು. ಅವರು ಕಣ್ಣು ಮುಚ್ಚಿ, ತುಟಿಯಲ್ಲೇ ಗುನುಗುತ್ತ, ಕೈಬೆರಳಲ್ಲಿ ಲಯ ಹಿಡಿಯುತ್ತ ಇರುತ್ತಾರೆ. ಕ್ಯಾಮೆರಾ ಅವಸರ ಮಾಡುವುದಿಲ್ಲ. ಭಾರತೀಯ ಸಿನಿಮಾ ಮುಪ್ಪಿನ ಒಂಟಿತನವನ್ನು ಇಷ್ಟು ಹತ್ತಿರದಿಂದ, ಇಷ್ಟು ತಾಳ್ಮೆಯಿಂದ ನೋಡಿದ್ದು ಅಪರೂಪ, ಮತ್ತು ಬಾಜಪೇಯಿಯವರ ಅಭಿನಯ ಅವರ ವೃತ್ತಿಯ ಶಿಖರಗಳಲ್ಲಿ ಒಂದು. ಇದರಲ್ಲಿ ತಕರಾರಿಲ್ಲ. ತಕರಾರು ಇರುವುದು ಈ ದೃಶ್ಯವನ್ನು ಪ್ರೇಮದ ದೃಶ್ಯವೆಂದು ಕೊಂಡಾಡುವುದರಲ್ಲಿ. ಅಲ್ಲಿ ಪ್ರೇಮಿ ಒಬ್ಬನೇ ಇದ್ದಾನೆ. ಪ್ರೀತಿಸಲು ಯಾರೂ ಇಲ್ಲದ ಮುದುಕನನ್ನು ನೋಡಿ ಪ್ರೇಕ್ಷಕರ ಕಣ್ಣು ಒದ್ದೆಯಾಗುತ್ತದೆ. ಆ ಕಣ್ಣೀರಿಗೆ ಪ್ರತಿಯಾಗಿ ಪ್ರೇಕ್ಷಕ ಏನನ್ನೂ ಒಪ್ಪಿಕೊಳ್ಳಬೇಕಾಗಿಲ್ಲ.

‘ಕಾದಲ್’ನಲ್ಲಿ ಇಬ್ಬರೂ ಇದ್ದಾರೆ. ಮ್ಯಾಥ್ಯೂ ದೇವಸ್ಸಿ ಸಹಕಾರಿ ಬ್ಯಾಂಕಿನಿಂದ ನಿವೃತ್ತನಾದವನು, ಊರಿನ ಗೌರವಸ್ಥ ಕುಟುಂಬದವನು, ವಾರ್ಡಿನ ಉಪಚುನಾವಣೆಗೆ ಎಡರಂಗದ ಬೆಂಬಲದಿಂದ ನಿಂತವನು. ತಂಗನ್ ಅದೇ ಊರಿನಲ್ಲಿ ಡ್ರೈವಿಂಗ್ ಶಾಲೆ ನಡೆಸುವವನು. ಪತ್ನಿ ಓಮನಾ ವಿಚ್ಛೇದನಕ್ಕೆ ಅರ್ಜಿ ಹಾಕಿದಾಗ ಈ ಇಬ್ಬರ ಸಂಬಂಧ ಕೋರ್ಟಿನ ಮುಂದೆ ಬರುತ್ತದೆ. ಎಪ್ಪತ್ತು ದಾಟಿದ ಮಮ್ಮೂಟಿ ತಮ್ಮದೇ ಸಂಸ್ಥೆಯಿಂದ ಚಿತ್ರ ನಿರ್ಮಿಸಿ ಮ್ಯಾಥ್ಯೂ ಪಾತ್ರ ವಹಿಸಿದ್ದು ಸಣ್ಣ ಸಂಗತಿಯಲ್ಲ. ಅಷ್ಟು ದೊಡ್ಡ ನಟ ಇಂಥ ಪಾತ್ರಕ್ಕೆ ಒಪ್ಪಿದ ಉದಾಹರಣೆ ದೇಶದ ಬೇರೆ ಭಾಷೆಗಳಲ್ಲಿ ಹುಡುಕಿದರೂ ಸಿಗುವುದು ಕಷ್ಟ. ಆದರೂ ಇಡೀ ಚಿತ್ರದಲ್ಲಿ ಮ್ಯಾಥ್ಯೂ ಮತ್ತು ತಂಗನ್ ನಡುವೆ ಮಾತು ಹೆಚ್ಚುಕಡಿಮೆ ಇಲ್ಲವೇ ಇಲ್ಲ. ದೂರದಿಂದ ಒಂದು ನೋಟ, ಮಳೆಯಲ್ಲಿ ಒಂದು ಮೌನ. ಅವರು ಹೇಗೆ ಪರಿಚಯವಾದರು, ಎಲ್ಲಿ ಸೇರುತ್ತಿದ್ದರು, ಸೇರಿದಾಗ ಏನು ಮಾತಾಡಿಕೊಳ್ಳುತ್ತಿದ್ದರು, ಯಾವುದೂ ಪ್ರೇಕ್ಷಕನಿಗೆ ಗೊತ್ತಾಗುವುದಿಲ್ಲ. ಚಿತ್ರದ ಗಾಢವಾದ ಅಪ್ಪುಗೆಗಳು ಮ್ಯಾಥ್ಯೂಗೆ ಸಿಗುವುದು ಪತ್ನಿಯಿಂದ, ತಂದೆಯಿಂದ. ಯಾರ ಸಲುವಾಗಿ ಈ ಮನೆ ಒಡೆಯುವ ಹಂತಕ್ಕೆ ಬಂತೋ ಅವನ ಕೈ ಸೋಕುವುದು ಕೂಡ ಪರದೆಯ ಮೇಲೆ ಬಾರದು.

ಸಂಯಮ ಎಂಬುದು ಕಲೆಯಲ್ಲಿ ಗುಣವೇ. ಹೇಳದೆ ಹೇಳುವುದು ಒಳ್ಳೆಯ ನಿರ್ದೇಶಕರ ಕಸುಬು. ಆದರೆ ಒಂದು ಗುಣ ಒಂದೇ ಬಗೆಯ ಜನರಿಗೆ ಮಾತ್ರ ಅನ್ವಯವಾದಾಗ ಅದನ್ನು ಅನುಮಾನದಿಂದ ನೋಡಬೇಕಾಗುತ್ತದೆ. 2020ರ ‘ಶುಭ್ ಮಂಗಲ್ ಜ್ಯಾದಾ ಸಾವಧಾನ್’ನಲ್ಲಿ ಯುವಕರಿಬ್ಬರು ನೆಂಟರಿಷ್ಟರ ಎದುರೇ ಮುತ್ತಿಡುತ್ತಾರೆ. ಪುಣೆಯ ಸಚಿನ್ ಕುಂಡಲ್ಕರ್ 2006ರಲ್ಲಿ ಬರೆದ ‘ಕೋಬಾಲ್ಟ್ ಬ್ಲೂ’ ಮರಾಠಿ ಕಾದಂಬರಿ 2022ರಲ್ಲಿ ಅವರದೇ ನಿರ್ದೇಶನದಲ್ಲಿ ಸಿನಿಮಾ ಆದಾಗ, ಬಾಡಿಗೆಗೆ ಬಂದ ಯುವಕನ ಮೇಲೆ ವಿದ್ಯಾರ್ಥಿಯೊಬ್ಬನಿಗೆ ಹುಟ್ಟುವ ಮೋಹ ದೇಹಸಮೇತ ತೆರೆಗೆ ಬಂತು. ರೋಹನ್ ಕಾನವಡೆಯವರ ‘ಸಾಬರ್ ಬೋಂಡಂ’ 2025ರ ಸನ್‌ಡಾನ್ಸ್ ಚಿತ್ರೋತ್ಸವದಲ್ಲಿ ವಿಶ್ವ ಸಿನಿಮಾ ವಿಭಾಗದ ತೀರ್ಪುಗಾರರ ಮಹಾಪ್ರಶಸ್ತಿ ಗೆದ್ದ ಮರಾಠಿ ಚಿತ್ರ. ತಂದೆ ತೀರಿಕೊಂಡ ಹತ್ತು ದಿನದ ಸೂತಕದಲ್ಲಿ ಮುಂಬೈಯಿಂದ ಹಳ್ಳಿಗೆ ಬಂದ ಆನಂದ್, ಬಾಲ್ಯದ ಗೆಳೆಯ ಬಾಳ್ಯಾ, ಮೇಕೆ ಮೇಯುವ ಬಯಲು, ಮರದ ನೆರಳು, ಒಬ್ಬರ ಮೈಗೊಬ್ಬರು ಒರಗಿಕೊಂಡ ಮಧ್ಯಾಹ್ನಗಳು. ಯಾರೂ ಈ ಚಿತ್ರಗಳಿಗೆ ಘನತೆ ಇಲ್ಲ ಎಂದಿಲ್ಲ. ಅಂದರೆ ಇಪ್ಪತ್ತು ಮೂವತ್ತರ ಪ್ರೇಮಿಗಳಿಗೆ ಸ್ಪರ್ಶ ಘನತೆಯನ್ನು ಕಳೆಯುವುದಿಲ್ಲ, ಅರವತ್ತರವರಿಗೆ ಕಳೆಯುತ್ತದೆ.

ಹಾಗಾದರೆ ಇದು ವಯಸ್ಸಿನ ಪ್ರಶ್ನೆಯೇ? ವಯಸ್ಸಾದವರೆಂದರೆ ಗಂಡುಹೆಣ್ಣಿನ ವಿಷಯದಲ್ಲೂ ಸಿನಿಮಾ ಹಿಂಜರಿಯುತ್ತದೆಯೇ? ‘ಕಾದಲ್’ ಬಂದ ವರ್ಷವೇ, ಕೆಲವು ತಿಂಗಳು ಮೊದಲು, ‘ರಾಕಿ ಔರ್ ರಾನಿ ಕೀ ಪ್ರೇಮ್ ಕಹಾನಿ’ಯಲ್ಲಿ ಎಂಬತ್ತೇಳರ ಧರ್ಮೇಂದ್ರ, ಎಪ್ಪತ್ತು ದಾಟಿದ ಶಬಾನಾ ಆಜ್ಮಿಗೆ ಮುತ್ತಿಟ್ಟರು. ಚಿತ್ರಮಂದಿರಗಳಲ್ಲಿ ಸಿಳ್ಳೆ ಬಿತ್ತು, ವಾರಗಟ್ಟಲೆ ಅದೇ ಸುದ್ದಿಯಾಯಿತು, ಜನ ಅದನ್ನು ಅಕ್ಕರೆಯಿಂದ ನೆನೆದರು. ಮುಪ್ಪೂ ಸಲಿಂಗ ಪ್ರೇಮವೂ ಬೇರೆ ಬೇರೆಯಾಗಿ ಬಂದಾಗ ಪರದೆ ಎರಡನ್ನೂ ತಾಳಿಕೊಳ್ಳುತ್ತದೆ. ಎರಡೂ ಒಂದೇ ಮೈಯಲ್ಲಿ ಕೂಡಿದಾಗ ಮಾತ್ರ ಆ ಮೈಯನ್ನು ತೆರೆಯಿಂದ ಆಚೆ ಇಟ್ಟು, ಆಚೆ ಇಟ್ಟಿದ್ದನ್ನೇ ಗೌರವವೆಂದು ಸಾರಲಾಗುತ್ತದೆ.

ಇದಕ್ಕೆ ಸಿಗುವ ಸಾಮಾನ್ಯ ಸಮರ್ಥನೆ, ನಮ್ಮ ಸಮಾಜದಲ್ಲಿ ವಯಸ್ಸಾದವರ ಪ್ರೀತಿ ದೇಹವನ್ನು ಮೀರಿದ್ದು, ಸಾಂಗತ್ಯವೇ ಅದರ ಸಾರ ಎಂಬುದು. ಈ ಮಾತಿನ ಸತ್ಯಾಸತ್ಯ ಪರೀಕ್ಷಿಸಲು ಪುಣೆಗಿಂತ ತಕ್ಕ ಊರಿಲ್ಲ. ಐಟಿ ಕಂಪನಿಗಳು ಬರುವ ಎಷ್ಟೋ ಮೊದಲಿನಿಂದ ಅದು ಪಿಂಚಣಿದಾರರ ಊರು. ಬಡಾವಣೆಗೊಂದು ಜ್ಯೇಷ್ಠ ನಾಗರಿಕ ಸಂಘ. ಬೆಳಗ್ಗೆ ಸಾರಸ್‌ಬಾಗಿನ ಹುಲ್ಲಿನ ಸುತ್ತ ನಡೆದು ಬೆಂಚಿನ ಮೇಲೆ ಸಾಲಾಗಿ ಕೂರುವ ನಿವೃತ್ತರು. ಮಕ್ಕಳು ಅಮೆರಿಕದಲ್ಲಿ, ಎರಡು ಕೋಣೆಯ ಫ್ಲ್ಯಾಟಿನಲ್ಲಿ ಒಬ್ಬರೇ. ಈ ಊರಿನಲ್ಲೇ 2012ರಲ್ಲಿ ಮಾಧವ ದಾಮ್ಲೆ ಎಂಬವರು, ಸಂಗಾತಿಯನ್ನು ಕಳೆದುಕೊಂಡ ಹಿರಿಯರು ಮತ್ತೆ ಜೊತೆ ಹುಡುಕಿಕೊಳ್ಳಲೆಂದು ಒಂದು ಮಂಡಳಿ ಕಟ್ಟಿದರು. ಮದುವೆಯೇ ಆಗಬೇಕೆಂದಿಲ್ಲ, ಲಿವ್-ಇನ್ ಆಗಿಯೂ ಬಾಳಬಹುದು ಎಂಬುದು ಅದರ ನಿಲುವು. ವಾಯಿ ಊರಿನ ಬಳಿ ವೃದ್ಧಾಶ್ರಮ ನಡೆಸಿದ ಅನುಭವ ಅವರನ್ನು ಅತ್ತ ತಿರುಗಿಸಿತ್ತು: ಊಟ, ಔಷಧಿ, ಹಾಸಿಗೆ ಎಲ್ಲ ಇದ್ದರೂ ಮುಪ್ಪಿನಲ್ಲಿ ಮನುಷ್ಯ ಸೊರಗುವುದು ಜೊತೆಯಿಲ್ಲದೆ. ಅರವತ್ತು ಎಪ್ಪತ್ತರ ಗಂಡಸರು, ಹೆಂಗಸರು ಒಂದೆಡೆ ಸೇರಿ, ಪರಿಚಯ ಮಾಡಿಕೊಂಡು, ಪಿಂಚಣಿ ಎಷ್ಟು, ಮನೆ ಯಾರದು, ಮಕ್ಕಳು ಏನೆನ್ನುತ್ತಾರೆ ಎಂದು ಲೆಕ್ಕ ಹಾಕಿ, ಜೊತೆಗೆ ಬಾಳಲು ನಿರ್ಧರಿಸಿದರು. ಮಕ್ಕಳು ಮುನಿದರು, ನೆರೆಯವರು ಮಾತಾಡಿಕೊಂಡರು, ಮಂಡಳಿ ನಡೆಯಿತು. ಮುಪ್ಪಿನ ಪ್ರೀತಿಗೆ ಮೈಯಿಲ್ಲ ಎಂಬ ನಂಬಿಕೆಯನ್ನು ಮಧ್ಯಮ ವರ್ಗದ, ಸಂಪ್ರದಾಯಸ್ಥ ಪುಣೆಯೇ ಕೈಬಿಟ್ಟಿದೆ. ಅದೇ ಬೆಂಚಿನ ಮೇಲೆ ಕೂತ ಇಬ್ಬರು ಗಂಡಸರ ವಿಷಯದಲ್ಲಿ ಮಾತ್ರ ಆ ನಂಬಿಕೆಯನ್ನು ಮತ್ತೆ ಎತ್ತಿ ನಿಲ್ಲಿಸುವುದಕ್ಕೆ ಆಧಾರವೇ ಇಲ್ಲ.

ಮುದಿ ದೇಹವನ್ನು ನೋಡುವ ಕಣ್ಣು ಪುಣೆಯ ಸಿನಿಮಾಕ್ಕೆ ಇಲ್ಲವೆಂದೂ ಹೇಳಲಾಗದು. ಸುಮಿತ್ರಾ ಭಾವೆ ಮತ್ತು ಸುನೀಲ್ ಸುಕಥನಕರ್ ಈ ಊರಿನಲ್ಲಿದ್ದುಕೊಂಡೇ ಮಾಡಿದ ‘ಅಸ್ತು’ (2013) ಇದಕ್ಕೆ ಸಾಕ್ಷಿ. ಮರೆವಿನ ರೋಗ ಬಂದ ಸಂಸ್ಕೃತ ವಿದ್ವಾಂಸ ಚಕ್ರಪಾಣಿ ಶಾಸ್ತ್ರಿ ಬೀದಿಯಲ್ಲಿ ಹೋಗುತ್ತಿದ್ದ ಆನೆಯ ಹಿಂದೆ ಹೊರಟುಬಿಡುತ್ತಾರೆ. ಆನೆಯವನ ಹೆಂಡತಿ ಚನ್ನಮ್ಮ ಅವರನ್ನು ಮಗುವಿನಂತೆ ನೋಡಿಕೊಳ್ಳುತ್ತಾಳೆ. ಪುಣೆಯವರೇ ಆದ, ವೃತ್ತಿಯಿಂದ ಮನೋವೈದ್ಯರಾದ ಮೋಹನ್ ಆಗಾಶೆ ಶಾಸ್ತ್ರಿಯಾಗಿ, ಅಮೃತಾ ಸುಭಾಷ್ ಚನ್ನಮ್ಮನಾಗಿ ನಟಿಸಿದರು. ಮರ್ಯಾದಸ್ಥ ವಿದ್ವಾಂಸನ ದೇಹ ಅಸಹಾಯಕವಾಗಿ, ಹಸಿವು ತಾಳದೆ, ಪರಕೀಯಳ ಮಡಿಲು ಹುಡುಕುವುದನ್ನು ಆ ಚಿತ್ರ ಅಂಜಿಕೆಯಿಲ್ಲದೆ ತೋರಿಸಿತು. ಶಾಸ್ತ್ರಿಯ ಘನತೆ ಹೋಯಿತೆಂದು ಯಾರಿಗೂ ಅನ್ನಿಸಲಿಲ್ಲ. ಮುದುಕನ ದೇಹ ರೋಗದ ದೇಹವಾಗಿ, ಕರುಣೆಗೆ ಪಾತ್ರವಾದ ದೇಹವಾಗಿ ಬಂದರೆ ಸರಿ, ಬಯಸುವ ದೇಹವಾಗಿ ಬಂದರೆ ತಪ್ಪು ಎಂಬುದು ಕಲೆಯ ನಿಯಮವಲ್ಲ, ಭಯ.

ಸಂಯಮವಾದಿಗಳ ಬಳಿ ಇದಕ್ಕಿಂತ ಗಟ್ಟಿಯಾದ ವಾದ ಒಂದಿದೆ, ಅದಕ್ಕೆ ಉತ್ತರ ಕೊಡದೆ ಮುಂದೆ ಹೋಗುವಂತಿಲ್ಲ. ಸಿರಸ್ ಅವರ ಮೇಲೆ ನಡೆದ ಹಿಂಸೆಯೇ ಕ್ಯಾಮೆರಾದ್ದು. ಅವರ ಖಾಸಗಿ ಕ್ಷಣವನ್ನು ಒತ್ತಾಯದಿಂದ ಕಿತ್ತು ತೋರಿಸಿದ್ದೇ ಅವರನ್ನು ಕೊಂದಿತು. ಹೀಗಿರುವಾಗ ಸಿನಿಮಾ ಮತ್ತೆ ಅದೇ ಕೋಣೆಗೆ ಕ್ಯಾಮೆರಾ ಒಯ್ದರೆ ನುಗ್ಗಿದವರಿಗೂ ನಿರ್ದೇಶಕನಿಗೂ ವ್ಯತ್ಯಾಸ ಉಳಿಯುವುದೇ? ಸಿರಸ್ ತೀರಿಕೊಂಡಿದ್ದಾರೆ, ಒಪ್ಪಿಗೆ ಕೊಡಲಾರರು ಎಂಬುದನ್ನೂ ಸೇರಿಸಿದರೆ ಪ್ರಶ್ನೆ ಇನ್ನೂ ಭಾರವಾಗುತ್ತದೆ.

ಈ ವಾದದ ಮೊದಲರ್ಧ ಪೂರ್ತಿ ನಿಜ. ತಪ್ಪಿರುವುದು ಅದರಿಂದ ತೆಗೆದ ತೀರ್ಮಾನದಲ್ಲಿ. ನುಗ್ಗಿದ ಕ್ಯಾಮೆರಾ ಅಪರಾಧಿಯಾದದ್ದು ಇಬ್ಬರು ಗಂಡಸರ ಸ್ಪರ್ಶ ತೋರಿಸಿದ್ದಕ್ಕಲ್ಲ. ಮನೆಗೆ ನುಗ್ಗಿದ್ದಕ್ಕೆ, ಕಂಡದ್ದನ್ನು ಹೇಸಿಗೆ ಎಂದು ಪ್ರಚಾರ ಮಾಡಿದ್ದಕ್ಕೆ. ಆ ಹೇಸಿಗೆಯ ಅರ್ಥವನ್ನು ಅಳಿಸಬೇಕಾದರೆ ಅದೇ ಕ್ಷಣವನ್ನು ಇಬ್ಬರ ಕಡೆಯಿಂದ, ಒಳಗಿನಿಂದ, ಅಕ್ಕರೆಯಾಗಿ ಕಾಣಿಸಬೇಕು. ಮೆಹ್ತಾಗೆ ಇದು ಗೊತ್ತಿತ್ತು. ‘ಅಲೀಗಢ’ ಆ ರಾತ್ರಿಗೆ ಒಂದಕ್ಕಿಂತ ಹೆಚ್ಚು ಸಲ ಮರಳುತ್ತದೆ. ಮೊದಲು ಹೊರಗಿನಿಂದ ಕಂಡದ್ದು ಆಮೇಲೆ ಕೋಣೆಯ ಒಳಗಿನಿಂದ ಕಾಣುತ್ತದೆ, ಅಲ್ಲಿ ಇರುವುದು ಮೃದುತನ. ಚಿತ್ರದ ಧೈರ್ಯವೆಲ್ಲ ಆ ಮರಳುವಿಕೆಯಲ್ಲಿದೆ. ವಿಚಿತ್ರವೆಂದರೆ ಸಂಯಮವನ್ನು ಹೊಗಳಿದ ವಿಮರ್ಶೆಗಳಲ್ಲಿ ಈ ದೃಶ್ಯದ ಪ್ರಸ್ತಾಪ ಅಪರೂಪ. ಲತಾ ಹಾಡಿನ ದೃಶ್ಯದ ವರ್ಣನೆ ಸಾಲುಗಟ್ಟಲೆ. ಚಿತ್ರ ತಾನಾಗಿ ಕೊಟ್ಟದ್ದನ್ನೂ ಬಿಟ್ಟು, ತಮಗೆ ಹಿತವಾದ ಒಂಟಿ ಮುದುಕನನ್ನಷ್ಟೇ ಪ್ರೇಕ್ಷಕರು ಮನೆಗೆ ಕರೆದೊಯ್ದರು.

ಷರತ್ತಿನ ಹೊರೆ ಇಬ್ಬರು ಪ್ರೇಮಿಗಳ ಮೇಲೂ ಸಮನಾಗಿ ಬೀಳುವುದಿಲ್ಲ ಎಂಬುದು ಇನ್ನೂ ಗಂಭೀರ. ‘ಅಲೀಗಢ’ದಲ್ಲಿ ಒಬ್ಬ ಪ್ರಾಧ್ಯಾಪಕ, ಇನ್ನೊಬ್ಬ ರಿಕ್ಷಾ ಎಳೆಯುವವ. ‘ಕಾದಲ್’ನಲ್ಲಿ ಒಬ್ಬ ದೊಡ್ಡ ಮನೆಯ ಯಜಮಾನ, ಇನ್ನೊಬ್ಬ ಊರವರ ಗೇಲಿಗೆ ನೇರವಾಗಿ ಸಿಕ್ಕುವ ಸಾಮಾನ್ಯ ದುಡಿಮೆಗಾರ. ಎರಡರಲ್ಲೂ ಮಾತು, ಒಳಮನಸ್ಸು, ಕಣ್ಣೀರು ಮೊದಲನೆಯವನದು. ಎರಡನೆಯವನಿಗೆ ತನ್ನ ಪ್ರೀತಿಯ ಬಗ್ಗೆ ಹೇಳಲು ಒಂದು ವಾಕ್ಯವೂ ಇಲ್ಲ. ಸಿರಸ್ ಅವರ ಬದುಕಿನಲ್ಲೂ ಹಾಗೆಯೇ ಆಯಿತು: ಪ್ರಾಧ್ಯಾಪಕರ ಪರವಾಗಿ ಹೋರಾಟ ನಡೆಯಿತು, ಮೊಕದ್ದಮೆ ನಡೆಯಿತು, ಸಿನಿಮಾ ಆಯಿತು, ಅದೇ ಕೋಣೆಯಲ್ಲಿದ್ದ, ಅದೇ ಕ್ಯಾಮೆರಾಕ್ಕೆ ಸಿಕ್ಕಿಬಿದ್ದ ಬಡವನ ಗತಿಯೇನೆಂದು ಕೇಳಿದವರು ಕಡಿಮೆ. ಇಬ್ಬರ ಸಂಬಂಧವನ್ನು ಕಾಣಿಸದೆ ಇರುವುದು ಸಂಯಮವೆನಿಸಿಕೊಂಡಾಗ ಅದರಲ್ಲಿ ಮೊದಲು ಮಾಯವಾಗುವವನು ಬಡ ಪ್ರೇಮಿ.

ಪುಣೆಯ ಬರಹಗಾರರೊಬ್ಬರು ಇದನ್ನು ಇಪ್ಪತ್ತು ವರ್ಷಗಳ ಹಿಂದೆಯೇ ಬೇರೆ ರೀತಿ ಮಾಡಿ ತೋರಿಸಿದ್ದರು. ಪುಣೆ ವಿಶ್ವವಿದ್ಯಾಲಯದಲ್ಲಿ ಇಂಗ್ಲಿಷ್ ಪ್ರಾಧ್ಯಾಪಕರಾಗಿದ್ದ ಆರ್. ರಾಜ್ ರಾವ್, ರಿಯಾದ್ ವಾಡಿಯಾ 1996ರಲ್ಲಿ ಮಾಡಿದ ‘ಬಾಮ್‌ಗೇ’ ಕಿರುಚಿತ್ರಕ್ಕೆ ಆಧಾರವಾದ ಕವಿತೆಗಳನ್ನು ಬರೆದವರು. ಮುಂದೆ ತಮ್ಮ ವಿಭಾಗದಲ್ಲಿ ಲೈಂಗಿಕ ಅಲ್ಪಸಂಖ್ಯಾತರ ಸಾಹಿತ್ಯದ ಬಗ್ಗೆ ಪಾಠ ಆರಂಭಿಸಿದವರು. ಅವರ 2003ರ ‘ದಿ ಬಾಯ್‌ಫ್ರೆಂಡ್’ ಕಾದಂಬರಿಯಲ್ಲಿ ನಲವತ್ತು ದಾಟಿದ ಪತ್ರಕರ್ತ ಯೂದಿ, ಯುವಕ ಮಿಲಿಂದನನ್ನು ಪ್ರೀತಿಸುತ್ತಾನೆ. ಮಿಲಿಂದ ದಲಿತ. ಅವನಿಗೆ ಮನೆಯಿದೆ, ಕೋಪವಿದೆ, ಲೆಕ್ಕಾಚಾರವಿದೆ, ತನ್ನದೇ ನಿರ್ಧಾರಗಳಿವೆ. ಕಾದಂಬರಿ ಯೂದಿಯನ್ನು ಸಂತನನ್ನಾಗಿ ಮಾಡುವುದಿಲ್ಲ. ಜಾತಿ, ಹಣ, ವಯಸ್ಸು ಹಾಸಿಗೆಯ ತನಕ ಬರುತ್ತವೆ ಎಂಬುದನ್ನು ಮುಚ್ಚುವುದೂ ಇಲ್ಲ. ದೇಹವನ್ನು ತೋರಿಸಿದ್ದರಿಂದಲೇ ಅದಕ್ಕೆ ಅಸಮಾನತೆಯನ್ನೂ ತೋರಿಸಲು ಸಾಧ್ಯವಾಯಿತು.

ಇನ್ನೊಂದು ಆಕ್ಷೇಪ ಪತ್ನಿಯರ ಕಡೆಯಿಂದ ಬರುತ್ತದೆ, ಅದು ನ್ಯಾಯವಾದದ್ದು. ಈ ತಲೆಮಾರಿನ ಗಂಡಸರಲ್ಲಿ ಹೆಚ್ಚಿನವರು ಮದುವೆಯಾದವರು. ಇಬ್ಬರು ಗಂಡಸರ ಪ್ರೇಮವನ್ನು ಹಾಡಿ ಹೊಗಳುವಾಗ ಇಪ್ಪತ್ತು ಮೂವತ್ತು ವರ್ಷ ಬರಡು ದಾಂಪತ್ಯದಲ್ಲಿ ಕಳೆದ ಹೆಣ್ಣಿನ ಗತಿಯೇನು? ಪುಣೆಯಲ್ಲಿ ನೆಲೆಸಿರುವ ಅಮೋಲ್ ಪಾಲೇಕರ್ 2006ರಲ್ಲಿ ಮರಾಠಿಯಲ್ಲಿ ‘ಥಾಂಗ್’, ಇಂಗ್ಲಿಷಿನಲ್ಲಿ ‘ಕ್ವೆಸ್ಟ್’ ಎಂದು ಮಾಡಿದ ಚಿತ್ರ ಈ ಪ್ರಶ್ನೆಯನ್ನೇ ಎತ್ತಿತು. ಸಂಧ್ಯಾ ಗೋಖಲೆ ಬರೆದ ಕಥೆಯಲ್ಲಿ ಮೃಣಾಲ್ ಕುಲಕರ್ಣಿಯ ಪಾತ್ರ ತನ್ನ ಗಂಡ ಇನ್ನೊಬ್ಬ ಗಂಡಸಿನ ಜೊತೆ ಇರುವುದನ್ನು ಕಾಣುತ್ತಾಳೆ, ಅಲ್ಲಿಂದ ಕಥೆ ಅವಳದಾಗುತ್ತದೆ. ‘ಕಾದಲ್’ನ ಓಮನಾ ಕೂಡ ಆ ಚಿತ್ರದ ಅತ್ಯಂತ ನಿಚ್ಚಳ ಮನಸ್ಸಿನ ವ್ಯಕ್ತಿ, ಕೋರ್ಟಿಗೆ ಹೋಗಿ ಇಬ್ಬರನ್ನೂ ಬಿಡುಗಡೆ ಮಾಡುವವಳು ಅವಳೇ. ಈ ಹೆಂಗಸರಿಗೆ ಸಲ್ಲಬೇಕಾದ ಜಾಗ ಕಡಿಮೆಯಾಗಬೇಕೆಂದು ಯಾರೂ ವಾದಿಸಲಾರರು. ಆದರೆ ಅವರ ನೋವಿನ ಮೂಲ ಒತ್ತಾಯದ ಮದುವೆ, ಮುಚ್ಚಿಟ್ಟ ಬದುಕು. ಆ ಮುಚ್ಚಿಡುವಿಕೆಯನ್ನೇ ಪರದೆಯ ಮೇಲೆ ಮುಂದುವರಿಸಿ ಅದನ್ನು ಪತ್ನಿಗೆ ತೋರಿದ ಗೌರವ ಎನ್ನುವುದು ಹೊಂದದ ಮಾತು. 2002ರಲ್ಲಿ ಪುಣೆಯಲ್ಲಿ ‘ಸಮಪಥಿಕ’ ಟ್ರಸ್ಟ್ ಕಟ್ಟಿದ ಬಿಂದುಮಾಧವ ಖಿರೆ ಮರಾಠಿಯಲ್ಲಿ ಬರೆದದ್ದೂ, ಮಾಡಿದ ಕೆಲಸವೂ ಬಹುಮಟ್ಟಿಗೆ ಇದನ್ನು ತಡೆಯುವುದಕ್ಕೇ: ಹುಡುಗ ತಾನು ಏನೆಂದು ಹೇಳಿಕೊಳ್ಳುವ ಧೈರ್ಯ ಮಾಡಿದರೆ ಒಬ್ಬ ಹುಡುಗಿಯ ಬದುಕೂ ಉಳಿಯುತ್ತದೆ.

ಬೇರೆ ದಾರಿ ಇದೆ ಎಂಬುದಕ್ಕೆ ಹಾಂಕಾಂಗಿನ ರೇ ಯೆಂಗ್ ನಿರ್ದೇಶಿಸಿದ ‘ಸುಕ್ ಸುಕ್’ (2019) ನಿದರ್ಶನ. ಪಾಕ್ ಎಪ್ಪತ್ತರ ಟ್ಯಾಕ್ಸಿ ಚಾಲಕ. ಹೆಂಡತಿ, ಮಕ್ಕಳು, ಮೊಮ್ಮಗು ಇದ್ದಾರೆ. ಹೋಯಿ ಅರವತ್ತೈದರವನು, ನಿವೃತ್ತ, ಧರ್ಮಭೀರು ಕ್ರೈಸ್ತ ಮಗನ ಜೊತೆ ವಾಸ. ಸಮಾಜಶಾಸ್ತ್ರಜ್ಞ ಟ್ರಾವಿಸ್ ಕಾಂಗ್ ಹಾಂಕಾಂಗಿನ ಹಿರಿಯ ಸಲಿಂಗಿಗಳ ಬಾಯಿಂದ ಕೇಳಿ ದಾಖಲಿಸಿದ ಜೀವನಕಥನಗಳು ಈ ಚಿತ್ರಕ್ಕೆ ಆಧಾರ. ಹಬೆಯ ಸ್ನಾನಗೃಹದಲ್ಲಿ ಮುದುಕರು ಒಬ್ಬರ ಬೆನ್ನು ಒಬ್ಬರು ಉಜ್ಜುತ್ತಾರೆ, ಒಟ್ಟಿಗೆ ಕೂತು ಉಣ್ಣುತ್ತಾರೆ, ಮೈ ಸಡಿಲಾದ ಬಗ್ಗೆ ಮಾತಾಡಿಕೊಳ್ಳುತ್ತಾರೆ. ಪಾಕ್ ಮತ್ತು ಹೋಯಿ ಇಕ್ಕಟ್ಟಾದ ಕೋಣೆಯಲ್ಲಿ ಅಪ್ಪಿಕೊಂಡು ಮಲಗುತ್ತಾರೆ. ಸುಕ್ಕುಗಟ್ಟಿದ ಚರ್ಮ, ಇಳಿಬಿದ್ದ ಭುಜ ಎಲ್ಲವೂ ಕಾಣುತ್ತದೆ. ಪಾಕ್‌ನ ಹೆಂಡತಿಯನ್ನೂ ಚಿತ್ರ ಮರೆಯುವುದಿಲ್ಲ. ಅವಳ ಮೌನಕ್ಕೂ ತೂಕವಿದೆ. ಈ ಚಿತ್ರದಲ್ಲಿಯೂ ಅಬ್ಬರವಿಲ್ಲ, ಸಂಯಮವಿದೆ. ಆದರೆ ಆ ಸಂಯಮ ಪ್ರೇಮಿಗಳಿಂದ ಏನನ್ನೂ ಕಸಿದುಕೊಂಡಿಲ್ಲ. ಏಷ್ಯಾದ ಕುಟುಂಬ ವ್ಯವಸ್ಥೆಗೆ ಇದು ಒಗ್ಗದು ಎನ್ನುವವರು, ಹಿರಿಯರ ಮಾತಿಗೆ ಎದುರಾಡದ, ವಂಶದ ಹೆಸರಿಗೆ ಹೆದರುವ ಚೀನೀ ಮನೆಗಳಿಂದ ಈ ಚಿತ್ರ ಬಂತೆಂಬುದನ್ನು ಗಮನಿಸಬೇಕು.

ಮೈಯ ವಿಷಯದಷ್ಟೇ ಮನೆಯ ವಿಷಯವನ್ನೂ ಭಾರತೀಯ ಚಿತ್ರಗಳು ಮುಟ್ಟಿಲ್ಲ. ಅಮೆರಿಕದ ಐರಾ ಸ್ಯಾಕ್ಸ್ ಮಾಡಿದ ‘ಲವ್ ಈಸ್ ಸ್ಟ್ರೇಂಜ್’ನಲ್ಲಿ (2014) ನಾಲ್ಕು ದಶಕ ಒಟ್ಟಿಗಿದ್ದ ಇಬ್ಬರು ಮದುವೆಯಾಗುತ್ತಾರೆ, ಆ ಕಾರಣಕ್ಕೆ ಒಬ್ಬನಿಗೆ ಕ್ಯಾಥೋಲಿಕ್ ಶಾಲೆಯ ಕೆಲಸ ಹೋಗುತ್ತದೆ, ಫ್ಲ್ಯಾಟ್ ಮಾರಬೇಕಾಗುತ್ತದೆ, ಮುಪ್ಪಿನಲ್ಲಿ ಇಬ್ಬರೂ ಬೇರೆ ಬೇರೆ ಮನೆಗಳಲ್ಲಿ ಯಾರದೋ ಆಸರೆಯಲ್ಲಿ ಇರಬೇಕಾಗುತ್ತದೆ. ಚಿತ್ರದ ನೋವೆಲ್ಲ ಬಾಡಿಗೆಯ ಲೆಕ್ಕದಲ್ಲಿದೆ. ಭಾರತದಲ್ಲಿ ಇಂಥ ಕಥೆಗೆ ಸಾಮಗ್ರಿ ಬೇಕಾದಷ್ಟಿದೆ. ಸಲಿಂಗ ಸಂಬಂಧವನ್ನು ಅಪರಾಧವಾಗಿಸಿದ್ದ ಸೆಕ್ಷನ್ 377ರ ವಿರುದ್ಧದ, 2018ರ ಸೆಪ್ಟೆಂಬರ್ 6ರಂದು ತೀರ್ಪು ಬಂದ ಮೊಕದ್ದಮೆಗೆ ಹೆಸರು ಕೊಟ್ಟ ನರ್ತಕ ನವತೇಜ್ ಸಿಂಗ್ ಜೋಹರ್, ಪತ್ರಕರ್ತ ಸುನೀಲ್ ಮೆಹ್ರಾ ಜೊತೆ ಎರಡು ದಶಕಕ್ಕೂ ಹೆಚ್ಚು ಕಾಲ ಬಾಳಿದವರು. ಮೆಹ್ರಾ ಕೂಡ ಅರ್ಜಿದಾರರೇ. ಅಂದ ಮೇಲೆ ಇಡೀ ದೇಶದ ಯುವಕರಿಗೆ ಬಿಡುಗಡೆ ತಂದುಕೊಟ್ಟ ಮೊಕದ್ದಮೆಯ ತಲೆಯಲ್ಲಿದ್ದದ್ದು ಐವತ್ತು ದಾಟಿದ ಜೋಡಿ. 2023ರ ಅಕ್ಟೋಬರ್ 17ರಂದು ಸುಪ್ರೀಂ ಕೋರ್ಟ್ ಸಲಿಂಗ ವಿವಾಹಕ್ಕೆ ಮಾನ್ಯತೆ ನಿರಾಕರಿಸಿತು. 2024ರಲ್ಲಿ ಕೇಂದ್ರ ಸರ್ಕಾರ, ಸಲಿಂಗ ಜೋಡಿಗಳು ಜಂಟಿ ಬ್ಯಾಂಕ್ ಖಾತೆ ತೆರೆಯಲು, ಸಂಗಾತಿಯನ್ನು ನಾಮಿನಿ ಮಾಡಲು ಅಡ್ಡಿಯಿಲ್ಲ ಎಂದು ಸ್ಪಷ್ಟಪಡಿಸಿತು. ಉತ್ತರಾಧಿಕಾರ, ಕುಟುಂಬ ಪಿಂಚಣಿ ಹಾಗೆಯೇ ಬಾಕಿ. ಅರವತ್ತೈದರ ಒಬ್ಬ ಗಂಡಸು ಆಸ್ಪತ್ರೆಯ ಕೌಂಟರಿನಲ್ಲಿ ‘ರೋಗಿಗೆ ನೀವೇನಾಗಬೇಕು’ ಎಂಬ ಪ್ರಶ್ನೆಯ ಮುಂದೆ ನಿಲ್ಲುವುದು, ಸಂಗಾತಿ ಸತ್ತ ಮೇಲೆ ಅವನ ಅಣ್ಣತಮ್ಮಂದಿರು ಫ್ಲ್ಯಾಟಿನ ಬೀಗ ಬದಲಿಸುವುದು: ಮುಪ್ಪಿನ ಸಲಿಂಗ ಪ್ರೇಮದ ನಿಜವಾದ ಸಂಕಟ ಇಂಥ ಕಡೆ ಇದೆ. ಆದರೆ ಇಬ್ಬರ ನಡುವೆ ಬಾಳ್ವೆಯೊಂದಿತ್ತು ಎಂದು ಮೊದಲು ತೋರಿಸದೆ ಅದನ್ನು ಕಳೆದುಕೊಂಡ ಕಥೆ ಹೇಳಲು ಬರುವುದಿಲ್ಲ. ಹಂಚಿಕೊಂಡ ಹಾಸಿಗೆಯನ್ನು ಮುಚ್ಚಿಡುವ ಸಿನಿಮಾ ಹಂಚಿಕೊಂಡ ಮನೆಯನ್ನೂ ಕಾಣಲಾರದು.

ಕನ್ನಡದ ಮಟ್ಟಿಗೆ ಈ ವಾದ ಹೊರಗಿನವರದಾಗಿ ಉಳಿಯುವಂತಿಲ್ಲ. ಕನ್ನಡದ ಹೊಸ ಅಲೆಯ ಸಿನಿಮಾಕ್ಕೂ ಪುಣೆಗೂ ನಂಟು ಹಳೆಯದು: ಗಿರೀಶ ಕಾರ್ನಾಡರು ಎಪ್ಪತ್ತರ ದಶಕದಲ್ಲಿ ಅಲ್ಲಿಯ ಫಿಲ್ಮ್ ಇನ್‌ಸ್ಟಿಟ್ಯೂಟಿನ ನಿರ್ದೇಶಕರಾಗಿದ್ದರು, ಗಿರೀಶ ಕಾಸರವಳ್ಳಿ ಅಲ್ಲಿ ಕಲಿತು ಬಂದು 1977ರಲ್ಲಿ ‘ಘಟಶ್ರಾದ್ಧ’ ಮಾಡಿದರು. ವಿಧವೆಯ ಬಯಕೆಯನ್ನು, ಅದಕ್ಕೆ ಸಮಾಜ ಕೊಟ್ಟ ಶಿಕ್ಷೆಯನ್ನು ಅಷ್ಟು ನೇರವಾಗಿ ನೋಡಿದ ಪರಂಪರೆ, ಇಬ್ಬರು ಗಂಡಸರ ಮುಪ್ಪಿನ ಪ್ರೇಮವನ್ನು ಕೇಂದ್ರದಲ್ಲಿಟ್ಟು ಜನರ ನೆನಪಲ್ಲಿ ಉಳಿಯುವ ಚಿತ್ರ ಕೊಡಲಿಲ್ಲ. ಮಂಡ್ಯ ಮೂಲದ ಶ್ರೀಧರ್ ರಂಗಾಯಣ್ ‘ಈವ್ನಿಂಗ್ ಶಾಡೋಸ್’ನಲ್ಲಿ (2018) ಹಳೆ ಮೈಸೂರು ಸೀಮೆಯ ಸಂಪ್ರದಾಯಸ್ಥ ಮನೆಯೊಂದರ ಮಗ ತಾಯಿಗೆ ತನ್ನ ಗುಟ್ಟು ಹೇಳುವ ಕಥೆ ಮಾಡಿದರು, ಆದರೆ ಹಿಂದಿಯಲ್ಲಿ. ಸಾಹಿತ್ಯ ಮುಂದಿದೆ: 2013ರಲ್ಲಿ ಬಂದ ವಸುಧೇಂದ್ರರ ‘ಮೋಹನಸ್ವಾಮಿ’ ಕನ್ನಡದ ಮನೆಮನೆಗೆ ಹೋಯಿತು, ಮತ್ತೆ ಮತ್ತೆ ಅಚ್ಚಾಯಿತು. ಅದರಲ್ಲಿ ಮೈಯೂ ಇದೆ, ಅಡುಗೆಮನೆಯೂ ಇದೆ, ಕಿರಾಣಿ ಸಾಮಾನಿನ ಚೀಟಿಯಷ್ಟು ದಿನನಿತ್ಯದ ಬದುಕೂ ಇದೆ. ಕನ್ನಡದ ಓದುಗರು ಅದನ್ನು ಓದಿ ಪುಸ್ತಕ ಮುಚ್ಚಿಡಲಿಲ್ಲ.

ಕೊನೆಗೆ ಉಳಿಯುವುದು ನಿರ್ಮಾಪಕರ ಮಾತು: ಪ್ರೇಕ್ಷಕರು ಇದಕ್ಕಿಂತ ಹೆಚ್ಚು ತಾಳುವುದಿಲ್ಲ, ಸಂಯಮವಿದ್ದರಿಂದಲೇ ಇಷ್ಟಾದರೂ ತಲುಪಿತು. ಕುವೈತ್ ಮತ್ತು ಕತಾರ್ ‘ಕಾದಲ್’ಗೆ ನಿಷೇಧ ಹೇರಿದವು. ಅಷ್ಟು ಮೆತ್ತಗೆ ಹೇಳಿದ ಚಿತ್ರಕ್ಕೂ ನಿಷೇಧ ತಪ್ಪಲಿಲ್ಲ. ‘ಅಲೀಗಢ’ದ ಟ್ರೇಲರ್‌ಗೆ ಸೆನ್ಸಾರ್ ಮಂಡಳಿ ವಯಸ್ಕರ ಪ್ರಮಾಣಪತ್ರವನ್ನೇ ಕೊಟ್ಟಿತು. ತಡೆಯುವವರು ವಿಷಯ ನೋಡಿ ತಡೆಯುತ್ತಾರೆ, ಪ್ರಮಾಣ ನೋಡಿ ಅಲ್ಲ. ಆದ್ದರಿಂದ ಸಂಯಮ ಚಿತ್ರವನ್ನು ಅವರಿಂದ ಕಾಪಾಡುವುದೂ ಇಲ್ಲ. ಒಪ್ಪುವ ಪ್ರೇಕ್ಷಕರ ವಿಷಯಕ್ಕೆ ಬಂದರೆ, ಕೇರಳ ಸರ್ಕಾರ ‘ಕಾದಲ್’ಗೆ ಆ ವರ್ಷದ ಅತ್ಯುತ್ತಮ ಚಿತ್ರ ಪ್ರಶಸ್ತಿ ಕೊಟ್ಟಿತು, ಹಳ್ಳಿಯ ಇಬ್ಬರು ಗಂಡಸರು ಮರದಡಿ ಒರಗಿ ಮಲಗುವ ‘ಸಾಬರ್ ಬೋಂಡಂ’ 2025ರ ಸೆಪ್ಟೆಂಬರ್‌ನಲ್ಲಿ ಪುಣೆ, ಮುಂಬೈ ಸೇರಿದಂತೆ ಮಹಾರಾಷ್ಟ್ರದ ಚಿತ್ರಮಂದಿರಗಳಿಗೆ ಬಂದಾಗ ಯಾರೂ ಪರದೆ ಹರಿಯಲಿಲ್ಲ. ಆ ಚಿತ್ರದ ಆನಂದನಿಗೂ ಬಾಳ್ಯಾನಿಗೂ ಇನ್ನು ಮೂವತ್ತು ವರ್ಷ ಸೇರಿಸಿ, ಅದೇ ಸ್ಪರ್ಶವನ್ನು ಉಳಿಸಿಕೊಂಡು ಚಿತ್ರ ಮಾಡಲು ಅಡ್ಡಿಯಾಗಿರುವುದು ಪ್ರೇಕ್ಷಕರಲ್ಲ, ಅವರ ಹೆಸರಿನಲ್ಲಿ ಮಾತಾಡುವವರ ಅಂಜಿಕೆ.